ಕ್ಷಮಾದಾನವೂ ಪಾಪನಿವೇದನೆಯೂ: ಫಿಲಿಪ್ಪೀನ್ಸಿನ ಪ್ರಾದೇಶಿಕ ಆಯೋಗಗಳ ಕುರಿತು

ಅಪರಾಧಿಯೊಬ್ಬನಿಗೆ ವಿಧಿಸಿದ ಶಿಕ್ಷೆಯನ್ನು ರಾಷ್ಟ್ರದ ಅಧ್ಯಕ್ಷರು ಮನ್ನಾ ಮಾಡುವುದು ಒಂದು ಬಗೆಯ ಕ್ಷಮೆ. ಯುದ್ಧ ಅಥವಾ ದಂಗೆ ಮುಗಿದ ಮೇಲೆ ಒಂದು ವರ್ಗದ ಅಪರಾಧಗಳನ್ನೇ ಲೆಕ್ಕದಿಂದ ಅಳಿಸಿಹಾಕುವುದು ಇನ್ನೊಂದು ಬಗೆ. ಕನ್ನಡದಲ್ಲಿ ಎರಡಕ್ಕೂ ಕ್ಷಮಾದಾನವೆಂದೇ ಹೇಳುತ್ತೇವೆ. ಗ್ರೀಕರು ಎರಡನೆಯದನ್ನು 'ಅಮ್ನೆಸ್ಟಿಯ', ಅಂದರೆ ನೆನೆಯದಿರುವಿಕೆ, ಎಂದು ಕರೆದರು. ಕ್ರಿ.ಪೂ. 403ರಲ್ಲಿ ಅಥೆನ್ಸಿನ ನಾಗರಿಕರು ಹಿಂದಿನ ಕೇಡುಗಳನ್ನು ಎತ್ತಿ ಆಡುವುದಿಲ್ಲವೆಂದು ಆಣೆಯಿಟ್ಟದ್ದು ಇದರ ಪ್ರಸಿದ್ಧ ನಿದರ್ಶನ. ಇದೇ ಧಾತುವಿನಿಂದ ಬಂದ 'ಅನಾಮ್ನೆಸಿಸ್' ಎಂಬ ಪದವು ನಮ್ಮ ಬಲಿಪೂಜೆಯ ಹೃದಯದಲ್ಲಿದೆ. ಅದರ ಅರ್ಥ ಸ್ಮರಣೆ. ರಾಜ್ಯವು ಮರೆವಿನಿಂದ ಶಾಂತಿಯನ್ನು ಅರಸಿದರೆ ಧರ್ಮಸಭೆಯು ಸ್ಮರಣೆಯಿಂದ ಅರಸುತ್ತದೆ ಎಂದು ಬಿಡುವುದು ಸುಲಭ. ಆದರೆ ಕ್ಷಮಾದಾನದ ಅರ್ಜಿಗಳನ್ನು ಒಂದೊಂದಾಗಿ ತೀರ್ಮಾನಿಸಲು ಒಂದು ಆಯೋಗ ಕುಳಿತ ಕೂಡಲೇ ಈ ಸರಳ ವಿಭಜನೆ ನಿಲ್ಲುವುದಿಲ್ಲ. ಫಿಲಿಪ್ಪೀನ್ಸಿನ ಅನುಭವವು ಇದನ್ನು ಚೆನ್ನಾಗಿ ತೋರಿಸುತ್ತದೆ.

1941ರ ಡಿಸೆಂಬರಿನಲ್ಲಿ ಜಪಾನ್ ಆ ದ್ವೀಪಗಳ ಮೇಲೆ ದಾಳಿ ಮಾಡಿತು. ಕಾಡು ಬೆಟ್ಟಗಳಲ್ಲಿ ಸೇರಿದ ಗೆರಿಲ್ಲಾ ಪಡೆಗಳು ಶತ್ರುಸೈನಿಕರೊಡನೆ ಹೋರಾಡಿದ್ದಲ್ಲದೆ, ಶತ್ರುವಿಗೆ ನೆರವಾದರೆಂದು ತಾವು ನಂಬಿದ ಸ್ವದೇಶೀಯರನ್ನೂ ಕೊಂದವು. ಯುದ್ಧಾನಂತರ ಆ ಕೊಲೆಗಳಿಗಾಗಿ ಮೊಕದ್ದಮೆಗಳು ಹೂಡಲ್ಪಟ್ಟವು. 1946ರ ಜುಲೈ 4ರಂದು ಸ್ವಾತಂತ್ರ್ಯ ಬಂದಿತು. ಸೆಪ್ಟೆಂಬರ್ 7ರಂದು ಅಧ್ಯಕ್ಷ ಮನುಯೆಲ್ ರೊಹಾಸ್ 8ನೆಯ ಘೋಷಣೆಯ ಮೂಲಕ, ಪ್ರತಿರೋಧಕ್ಕೆ ಪೂರಕವಾಗಿ ಎಸಗಿದ ಅಪರಾಧಗಳಿಗೆ ಕ್ಷಮಾದಾನವಿತ್ತರು. ಕೇವಲ ಸ್ವಂತ ಉದ್ದೇಶದಿಂದ ಎಸಗಿದ ಕೃತ್ಯಗಳಿಗೂ ಶೀಲಕ್ಕೆ ಸಂಬಂಧಿಸಿದ ಅಪರಾಧಗಳಿಗೂ ಅದು ಅನ್ವಯಿಸುತ್ತಿರಲಿಲ್ಲ. ಅರ್ಜಿಗಳನ್ನು ಪರಿಶೀಲಿಸಿ ನಿರ್ಣಯಿಸಲು ಗೆರಿಲ್ಲಾ ಕ್ಷಮಾದಾನ ಆಯೋಗಗಳು ರಚನೆಯಾದವು. ಅವು ಒಂದೆರಡಲ್ಲ, ಮುಂದೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಒಂದು ಪ್ರಕರಣ ಹದಿನಾಲ್ಕನೆಯ ಆಯೋಗದ್ದು.

ರಾಜಧಾನಿಯಲ್ಲಿ ಒಂದೇ ಆಯೋಗ ಸಾಲದೆ? ಸಾಲದೆಂಬುದಕ್ಕೆ ಘೋಷಣೆಯಲ್ಲಿಯೇ ಕಾರಣವಿದೆ. ಕ್ಷಮೆಗೆ ಅರ್ಹವಾದ ಅವಧಿಯು ಆಯಾ ಪ್ರದೇಶವು ಶತ್ರುವಿನಿಂದ ಬಿಡುಗಡೆಗೊಂಡ ದಿನಕ್ಕೆ ಕೊನೆಗೊಳ್ಳುತ್ತಿತ್ತು. ಮಿತ್ರಸೈನ್ಯವು ಲೇಟೆ ದ್ವೀಪದಲ್ಲಿ ಇಳಿದದ್ದು 1944ರ ಅಕ್ಟೋಬರ್ 20ರಂದು; ಮನಿಲಾದ ಕದನ ಮುಗಿದದ್ದು 1945ರ ಮಾರ್ಚಿನಲ್ಲಿ. ಒಂದೇ ದಿನ ನಡೆದ ಎರಡು ಕೊಲೆಗಳಲ್ಲಿ ಒಂದು ಕ್ಷಮಾರ್ಹವಾಗಿ, ಇನ್ನೊಂದು ಶುದ್ಧ ಕೊಲೆಯಾಗಿ ಉಳಿಯಬಹುದಿತ್ತು. ಇದಕ್ಕಿಂತ ಕಠಿಣವಾದುದು ಉದ್ದೇಶದ ಪ್ರಶ್ನೆ. ಗದ್ದೆಯ ಬದುವಿಗಾಗಿ ವರ್ಷಗಟ್ಟಲೆ ಜಗಳವಾಡಿದ ನೆರೆಯವನನ್ನು ಶತ್ರುವಿನ ಗೂಢಚಾರನೆಂದು ಆರೋಪಿಸಿ ಕೊಂದವನು ದೇಶಕ್ಕಾಗಿ ಕೊಂದನೋ ಬದುವಿಗಾಗಿ ಕೊಂದನೋ? ಇದನ್ನು ಕಡತದಿಂದ ತಿಳಿಯಲಾಗದು, ಊರು ಬಲ್ಲದು. ಆದರೆ ಊರಿಗೂ ಪಕ್ಷಗಳುಂಟು. ಗೆದ್ದವರ ಊರಿನಲ್ಲಿ ಸತ್ತವನ ವಿಧವೆ ಬಾಯಿಬಿಡುವಳೆಂದು ನಂಬಲು ನನಗೆ ಕಷ್ಟವಾಗುತ್ತದೆ. ಸ್ಥಳೀಯ ಜ್ಞಾನವೂ ಸ್ಥಳೀಯ ಭಯವೂ ಒಂದೇ ಬಾಗಿಲಿನಿಂದ ಒಳಬರುತ್ತವೆ.

ಹದಿನಾಲ್ಕನೆಯ ಆಯೋಗದ ಮುಂದೆ ಇಬ್ಬರು ಕೊಲೆ ಆರೋಪಿಗಳ ಅರ್ಜಿಗಳು ಬಂದವು. ಕೃತ್ಯವನ್ನು ಅವರು ಒಪ್ಪಿಕೊಳ್ಳಲಿಲ್ಲ. ಕೊಂದವನು ಬೇರೊಬ್ಬನೆಂದು ಹೇಳಿದರು. ಒಪ್ಪದವನಿಗೆ ಕ್ಷಮೆ ಹೇಗೆಂದು ಆಯೋಗವು ಅರ್ಜಿಗಳನ್ನು ತೀರ್ಮಾನಿಸದೆ ಹಿಂದಿರುಗಿಸಿತು. 1949ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ತಳ್ಳಿಹಾಕಿತು: ಕ್ಷಮಾದಾನವು ಅಪರಾಧವನ್ನೇ ವಿಸ್ಮೃತಿಗೆ ಒಪ್ಪಿಸುವುದರಿಂದ ತಪ್ಪೊಪ್ಪಿಗೆ ಅದಕ್ಕೆ ಷರತ್ತಲ್ಲ, ಯಾವ ಪಕ್ಷದ ಸಾಕ್ಷ್ಯದಿಂದಲಾದರೂ ಕೃತ್ಯವು ಘೋಷಣೆಯ ವ್ಯಾಪ್ತಿಗೆ ಬರುವುದೆಂದು ಕಂಡರೆ ಸಾಕು. 1963ರಲ್ಲಿ ಅದೇ ನ್ಯಾಯಾಲಯ ಬೇರೆ ಪ್ರಕರಣವೊಂದರಲ್ಲಿ ವಿರುದ್ಧ ದಿಕ್ಕಿಗೆ ತಿರುಗಿತು: ಕ್ಷಮೆಯನ್ನು ಬೇಡುವುದೆಂದರೆ ಕೃತ್ಯವನ್ನು ಒಪ್ಪಿ ಹೊಣೆಯಿಂದ ಬಿಡುಗಡೆ ಕೇಳುವುದು, ಮಾಡಿಯೇ ಇಲ್ಲವೆನ್ನುವವನಿಗೆ ಕ್ಷಮಿಸಲು ಏನೂ ಇಲ್ಲ.

ಟ್ರೆಂಟ್ ಮಹಾಸಭೆಯು 1551ರಲ್ಲಿ ಪಶ್ಚಾತ್ತಾಪ, ನಿವೇದನೆ, ಪರಿಹಾರ ಎಂಬ ಮೂರನ್ನು ಪ್ರಾಯಶ್ಚಿತ್ತ ಸಂಸ್ಕಾರದಲ್ಲಿ ಪಾಪಿಯ ಕಾರ್ಯಗಳೆಂದು ಬೋಧಿಸಿತು. ಅದನ್ನು ಓದಿದ ಗುರುಮಠದ ವಿದ್ಯಾರ್ಥಿಗೆ 1963ರ ತೀರ್ಪು ಕೂಡಲೇ ಹಿಡಿಸುವುದು ಸಹಜ. ನಿವೇದನೆಯಿಲ್ಲದೆ ವಿಮೋಚನೆಯಿಲ್ಲ ಎಂಬುದು ನಮಗೆ ಪರಿಚಿತವಾದ ಮಾತು. ಆದರೆ ಇಲ್ಲಿ ಎಚ್ಚರ ಬೇಕು. ಆಯೋಗವು ಕೇಳುವುದು ಒಪ್ಪಿಗೆಯನ್ನು ಮಾತ್ರ, ಪಶ್ಚಾತ್ತಾಪವನ್ನಲ್ಲ. 1995ರ ದಕ್ಷಿಣ ಆಫ್ರಿಕದ ಕಾನೂನು ಕೂಡ ಪೂರ್ಣ ಸತ್ಯಕಥನವನ್ನು ಕೇಳಿತೇ ಹೊರತು ಪಶ್ಚಾತ್ತಾಪವನ್ನು ಷರತ್ತಾಗಿಸಲಿಲ್ಲ. ಹೃದಯವನ್ನು ಅಳೆಯುವ ಅಧಿಕಾರ ರಾಜ್ಯಕ್ಕಿಲ್ಲವಾದ್ದರಿಂದ ಇದು ಸರಿಯೇ. ಇನ್ನೊಂದು ಅಪಾಯವೂ ಇದೆ. ಪಾಪನಿವೇದನೆಯಲ್ಲಿ ಮಾಡದ ಪಾಪವನ್ನು ಹೇಳಿ ಗಳಿಸುವುದೇನೂ ಇಲ್ಲ. ಆಯೋಗದ ಮುಂದೆ ಹಾಗಲ್ಲ. ಸುಳ್ಳು ಆರೋಪದಲ್ಲಿ ಸೆರೆಯಾದ ನಿರಪರಾಧಿಗೆ 'ನಾನೇ ಕೊಂದೆ' ಎನ್ನುವುದೇ ಮನೆಗೆ ಹೋಗುವ ಹತ್ತಿರದ ದಾರಿಯಾಗಬಹುದು. ಸತ್ಯಕ್ಕಾಗಿ ಇಟ್ಟ ಷರತ್ತು ಹೀಗೆ ಸುಳ್ಳನ್ನು ಹುಟ್ಟಿಸುತ್ತದೆ. ಈ ಒಂದು ಕಾರಣದಿಂದ 1949ರ ತೀರ್ಪೇ ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ.

ಒಬ್ಬೊಬ್ಬರ ವಿಷಯವನ್ನು ಬೇರೆಬೇರೆಯಾಗಿ ವಿಚಾರಿಸುವ ಪದ್ಧತಿ ಧರ್ಮಸಭೆಗೆ ಹೊಸದಲ್ಲ. ದೇಸಿಯುಸ್ ಚಕ್ರವರ್ತಿಯ ಹಿಂಸೆಯಲ್ಲಿ ಕೆಲವರು ವಿಗ್ರಹಗಳಿಗೆ ಬಲಿಯರ್ಪಿಸಿದರು. ಕೆಲವರು ಅರ್ಪಿಸದೆಯೇ ಅರ್ಪಿಸಿದೆವೆಂಬ ಪ್ರಮಾಣಪತ್ರ ಕೊಂಡರು. ವಿಶ್ವಾಸಕ್ಕಾಗಿ ಸೆರೆಯಲ್ಲಿದ್ದವರು ಬಿದ್ದವರಿಗೆ ಸಮಾಧಾನಪತ್ರಗಳನ್ನು ಧಾರಾಳವಾಗಿ ಕೊಡತೊಡಗಿದಾಗ, ಇಂಥವನನ್ನು 'ಅವನವರೊಂದಿಗೆ' ಸೇರಿಸಿಕೊಳ್ಳಿ ಎಂಬಂತಹ ಪತ್ರಗಳನ್ನು ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರು ಆಕ್ಷೇಪಿಸಿ, ಪ್ರತಿಯೊಬ್ಬರ ಹೆಸರನ್ನೂ ಬರೆಯಬೇಕೆಂದರು. 251ರ ಕಾರ್ಥೇಜ್ ಸಭೆಯು ಸಾಮಾನ್ಯ ನಿಯಮಗಳನ್ನು ರೂಪಿಸಿ, ಪ್ರತಿಯೊಬ್ಬರ ಕಾರಣ, ಇಚ್ಛೆ, ಒತ್ತಾಯಗಳನ್ನು ವಿಚಾರಿಸಲು ತೀರ್ಮಾನಿಸಿತು. ನಿಯಮ ಸಭೆಯದು, ವಿಚಾರಣೆ ಜನರನ್ನು ಬಲ್ಲ ಕುರುಬನದು.

ಫಿಲಿಪ್ಪೀನ್ಸ್ ಮುಂದೆ ಇದನ್ನೇ ಹೋಲುವ ವ್ಯವಸ್ಥೆಗೆ ಬಂದಿತು. 1994ರ ಮಾರ್ಚಿನಲ್ಲಿ ಅಧ್ಯಕ್ಷ ಫಿಡೆಲ್ ರಾಮೋಸರ 347ನೆಯ ಘೋಷಣೆಯು ಬಂಡುಕೋರರಿಗೆ ಕ್ಷಮಾದಾನವಿತ್ತು ರಾಷ್ಟ್ರೀಯ ಕ್ಷಮಾದಾನ ಆಯೋಗವನ್ನು ಸ್ಥಾಪಿಸಿತು. ಅರ್ಜಿಗಳ ಪರಿಶೀಲನೆ ಸ್ಥಳೀಯ ಮಂಡಳಿಗಳದ್ದಾಯಿತು; ಅಂತಿಮ ನಿರ್ಣಯ ರಾಷ್ಟ್ರೀಯ ಆಯೋಗದ್ದು, ಅದರ ಮೇಲೆ ಮೇಲ್ಮನವಿಗೂ ಅವಕಾಶ. 2021ರಲ್ಲಿ ಪುನಃ ರಚಿತವಾದ ಆಯೋಗವೂ ಇದೇ ಮಾದರಿಯದು. ಸ್ಥಳೀಯ ಭಯಕ್ಕೆ ಇದು ಪೂರ್ಣ ಮದ್ದಲ್ಲವಾದರೂ ಊರಿನ ಮಾತೇ ಕೊನೆಯ ಮಾತಾಗುವುದು ತಪ್ಪುತ್ತದೆ. 347ನೆಯ ಘೋಷಣೆಯಲ್ಲಿ ದೈವಶಾಸ್ತ್ರಜ್ಞರು ಗಮನಿಸಬೇಕಾದ ಒಂದು ಅಂಶವಿದೆ: ಅಪರಾಧದ ಹೊಣೆ ಅಳಿದರೂ ಖಾಸಗಿ ವ್ಯಕ್ತಿಗಳಿಗೆ ಆದ ಹಾನಿಯ ಸಿವಿಲ್ ಹೊಣೆ ಉಳಿಯುತ್ತದೆ. ಜಕ್ಕಾಯನು ನಾಲ್ಕರಷ್ಟನ್ನು ಹಿಂದಿರುಗಿಸಲು ಎದ್ದು ನಿಂತದ್ದನ್ನು (ಲೂಕ 19:8) ನೆನೆಯುವವರಿಗೆ ಇದರ ಅರ್ಥ ತಿಳಿಯುವುದು. ಪಶ್ಚಾತ್ತಾಪವನ್ನು ಕೇಳದ ಕಾನೂನು ಪರಿಹಾರವನ್ನು ಕೈಬಿಡಲಿಲ್ಲ.

ಮರೆವಿಗೂ ದಾಖಲೆ ಬೇಕೆಂಬುದನ್ನು ಈಚಿನ ಪ್ರಸಂಗವೊಂದು ತೋರಿಸಿತು. ಸೈನಿಕ ದಂಗೆಯ ನಾಯಕರಾಗಿದ್ದ ಆಂಟೋನಿಯೊ ಟ್ರಿಲ್ಯಾನೆಸರು 2010ರ ಕ್ಷಮಾದಾನದ ಫಲಾನುಭವಿಗಳು. ಅವರು ಅರ್ಜಿಯನ್ನೇ ಸಲ್ಲಿಸಿಲ್ಲ, ತಪ್ಪನ್ನೂ ಒಪ್ಪಿಲ್ಲ ಎಂದು ಹೇಳಿ 2018ರಲ್ಲಿ ಅಧ್ಯಕ್ಷ ಡುಟೆರ್ಟೆ ಅದನ್ನು ಅಸಿಂಧುವೆಂದು ಘೋಷಿಸಿದರು. 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಘೋಷಣೆಯನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಅಷ್ಟರವರೆಗೆ ಒಬ್ಬ ಮನುಷ್ಯನ ಸ್ವಾತಂತ್ರ್ಯವು ಒಂದು ಅರ್ಜಿ ನಮೂನೆಯ ಮೇಲೆ ನಿಂತಿತ್ತು.

ಇಂತಹ ಪ್ರದೇಶದಲ್ಲಿ ಸೇವೆ ಮಾಡುವ ಗುರುವಿನ ಸ್ಥಾನ ಸೂಕ್ಷ್ಮವಾದುದು. ಶಾಂತಿಗಾಗಿ ಶ್ರಮಿಸಲು ಧರ್ಮಸಭೆಯ ಕಾನೂನಿನ 287ನೆಯ ವಿಧಿ ಅವನಿಗೆ ಆಜ್ಞಾಪಿಸುತ್ತದೆ. ನಾಗರಿಕ ಅಧಿಕಾರದ ಚಲಾವಣೆಯಲ್ಲಿ ಪಾಲುಕೊಡುವ ಸಾರ್ವಜನಿಕ ಹುದ್ದೆಯನ್ನು 285ನೆಯ ವಿಧಿ ನಿಷೇಧಿಸುತ್ತದೆ. ಆದುದರಿಂದ ಅವನ ಜಾಗ ಆಯೋಗದ ಪೀಠವಲ್ಲ. ಅರ್ಜಿದಾರನ ಜೊತೆಗೆ ಬಾಗಿಲವರೆಗೆ ಹೋಗಬಹುದು; ಸತ್ತವನ ಮನೆಗೆ ಅದಕ್ಕೂ ಮೊದಲು ಹೋಗಬೇಕು. ಅರ್ಜಿದಾರನ ಪರವಾಗಿ ಹೇಳಿಕೆ ಬರೆದುಕೊಡಲು ಯಾರಾದರೂ ಕೇಳಿದಾಗ, ಆ ವ್ಯಕ್ತಿಯ ಪಾಪನಿವೇದನೆಯನ್ನು ಆಲಿಸಿದ ಗುರುವು ತಾನು ಹೊರಗಿನಿಂದ ಬಲ್ಲದ್ದು ಯಾವುದು, ಸಂಸ್ಕಾರದಲ್ಲಿ ಕೇಳಿದ್ದು ಯಾವುದು ಎಂದು ಬೇರ್ಪಡಿಸಲಾರನಾದರೆ, ಒಂದಕ್ಷರವನ್ನೂ ಬರೆಯತಕ್ಕದ್ದಲ್ಲ. 983ನೆಯ ವಿಧಿಯ ಮುದ್ರೆ ಅರ್ಜಿದಾರನಿಗೆ ಅನುಕೂಲವಾಗುವ ಮಾತಿಗೂ ಅನ್ವಯಿಸುತ್ತದೆ.