ಕೆಂಟಿನ ಫಗಲ್, ಗದಗಿನ ಜಯಧರ

ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ ಗದಗ-ಬೆಟಗೇರಿಯ ಎರಿ ಹೊಲದಲ್ಲೂ ಬಾಳದು, ಮುಂಡರಗಿಯ ಮಸಾರಿಯಲ್ಲೂ ಬಾಳದು. ಬೇಸಿಗೆಯಲ್ಲಿ ಹದಿನಾರು ತಾಸಿನ ಹಗಲು, ಚಳಿಗಾಲದಲ್ಲಿ ಬೇರು ಮಲಗುವಷ್ಟು ಥಂಡಿ ಇರುವ ಸೀಮೆಯ ಬೆಳೆ ಅದು. ನಮ್ಮಲ್ಲಿ ಅತಿ ಉದ್ದದ ಹಗಲೇ ಸುಮಾರು 13 ತಾಸು. ಭಾರತದಲ್ಲಿ ಅದು ಒಗ್ಗಿದ್ದು ಹಿಮಾಚಲದ ಲಾಹೌಲ್ ಕಣಿವೆಗೆ. ಆದರೂ ಇಂಗ್ಲೆಂಡಿನ ಜವಾರಿ ಹಾಪ್ಸ್ ಆದ ‘ಫಗಲ್’ ಕಂಡ ಏಳುಬೀಳು ಶಿರಹಟ್ಟಿ, ಲಕ್ಷ್ಮೇಶ್ವರದ ರೈತರಿಗೆ ಹೊಸದಲ್ಲ.

ಎಲೆಬಳ್ಳಿಯ ಹಾಗೆ ಇದನ್ನೂ ಆಸರೆಗೆ ಹಬ್ಬಿಸುತ್ತಾರೆ. ಬೇಕಾದದ್ದು ಹೆಣ್ಣು ಬಳ್ಳಿಯ ಹೂವು. ಹಸಿರು ಹೂವನ್ನು ಉದ್ದಕ್ಕೆ ಸೀಳಿದರೆ ಪಕಳೆಗಳ ಬುಡದಲ್ಲಿ ಹಳದಿ ಅಂಟುಪುಡಿ ಕಾಣುತ್ತದೆ. ಅಂಗೈಯಲ್ಲಿ ತಿಕ್ಕಿದರೆ ಹುಲ್ಲು, ಕಟ್ಟಿಗೆ, ಪುದೀನದ ವಾಸನೆ. ಕಹಿಯೂ ಕಂಪೂ ಆ ಪುಡಿಯಲ್ಲೇ ಇವೆ. ಬಿಯರ್ ಕೆಡಿಸುವ ಸೂಕ್ಷ್ಮಾಣುಗಳನ್ನು ಆ ಕಹಿ ತಡೆಯುತ್ತದೆ. ತಿಂಗಳುಗಟ್ಟಲೆ ಹಡಗಿನಲ್ಲಿ ಭಾರತಕ್ಕೆ ಬರುತ್ತಿದ್ದ ಪೀಪಾಯಿಗಳಿಗೆ ಹಾಪ್ಸ್ ಹೆಚ್ಚು ಹಾಕುತ್ತಿದ್ದದ್ದು ಇದಕ್ಕೇ.

ಫಗಲ್ ಹೆಸರಾದದ್ದು 19ನೇ ಶತಮಾನದಲ್ಲಿ, ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ. ಬೂಜುರೋಗವನ್ನು ತಕ್ಕಮಟ್ಟಿಗೆ ತಾಳುತ್ತಿದ್ದ ಈ ಬಳ್ಳಿ 20ನೇ ಶತಮಾನದ ನಡುವಿಗೆ ಇಂಗ್ಲೆಂಡಿನ ಹಾಪ್ಸ್ ತೋಟಗಳನ್ನು ಬಹುಪಾಲು ಆಳುತ್ತಿತ್ತು. ಸೊರಗು ರೋಗ ಮಾತ್ರ ಅದನ್ನು ಬಿಡಲಿಲ್ಲ. ವರ್ಟಿಸಿಲಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ, ಬೇರಿನಿಂದ ಕಾಂಡಕ್ಕೆ ಏರಿ ನೀರಿನ ದಾರಿ ಕಟ್ಟಿಬಿಡುತ್ತದೆ. ಬಳ್ಳಿ ಕಿತ್ತು ಸುಟ್ಟರೂ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಕೆಂಟಿನ ವೈ ಕಾಲೇಜಿನ ತಳಿತಜ್ಞರು ಸೊರಗು ತಡೆಯುವ, ಹೆಚ್ಚು ಕಹಿಯ ತಳಿಗಳನ್ನು ಕೊಟ್ಟರು. ಕಹಿ ಆಮ್ಲ ಶೇ 5ರ ಆಸುಪಾಸಿನ ಫಗಲ್ ಹಿಂದೆ ಬಿತ್ತು.

ನಮ್ಮ ಎರಿ ನೆಲದ ಜಯಧರ ಹತ್ತಿಗೂ ಇದೇ ಗತಿಯಾಯಿತು. ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತಿದರೆ ನೆಲದ ಹಸಿಯಲ್ಲೇ ಬೇಸಿಗೆಯ ಬಾಯಿಗೆ ಕಾಯಿ ಕೊಡುವ ಗಟ್ಟಿ ಗಿಡ ಅದು. ಆದರೆ ಎಳೆ ಗಿಡ್ಡ, ನೂಲು ದಪ್ಪ, ಇಳುವರಿ ಕಡಿಮೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಜಯಧರದ ಹೊಲಗಳು ಕುಗ್ಗುತ್ತ ಬಂದವು. ಇದು ನನಗೆ ನೋವಿನ ವಿಷಯ. ಬರ ತಾಳುವ ಬೀಜವನ್ನು ಬರದ ನಾಡೇ ಕೈಬಿಟ್ಟಿತಲ್ಲ!

ಫಗಲ್ ಇವತ್ತಿಗೂ ಸ್ಲೊವೇನಿಯಾದಲ್ಲಿ ‘ಸ್ಟೈರಿಯನ್ ಗೋಲ್ಡಿಂಗ್’ ಎಂಬ ಹೆಸರಲ್ಲಿ ಬೆಳೆಯುತ್ತದೆ. ಹಳೆಯ ರುಚಿಯ ಬಿಯರ್ ಮಾಡುವವರು ಅದನ್ನೇ ಕೇಳಿ ಕೊಳ್ಳುತ್ತಾರೆ. ಜಯಧರಕ್ಕೂ ಬೇಕಿರುವುದು ಅಂಥ ಗಿರಾಕಿಯೇ. ಜಮಖಾನಕ್ಕೆ ಒಪ್ಪುವ ಅದರ ದಪ್ಪ ನೂಲಿಗೆ ಖಾದಿ ಸಂಘಗಳೂ ಬೆಟಗೇರಿಯ ನೇಕಾರರೂ ಬಿತ್ತುವ ಮೊದಲೇ ಬೆಲೆ ಗೊತ್ತುಮಾಡಿದರೆ, ರೈತ ಎಕರೆಯಲ್ಲಿ ಒಂದು ಮೂಲೆಯನ್ನಾದರೂ ಜವಾರಿಗೆ ಬಿಟ್ಟಾನು.