ಮುಂಬಯಿ ಬಂದರಿನ ಚೀನೀಯರು

ಕನ್ನಡಕ್ಕೆ ಚೀನದ ಹೆಸರು ಹೊಸದಲ್ಲ. ಕಾವ್ಯಗಳಲ್ಲಿ ‘ಚೀನಾಂಬರ’ವಿದೆ, ಕರಾವಳಿ ಮಲೆನಾಡುಗಳ ಅಡುಗೆಮನೆಯಲ್ಲಿ ಸಿಹಿಗುಂಬಳವು ‘ಚೀನಿಕಾಯಿ’ಯಾಗಿದೆ, ಉಪ್ಪಿನಕಾಯಿಯ ಭರಣಿ ‘ಚೀನಿ ಭರಣಿ’ಯಾಗಿದೆ. ಈ ಪದಗಳೆಲ್ಲವೂ ವಸ್ತುಗಳನ್ನು ಹೇಳುತ್ತವೆಯೇ ಹೊರತು ಮನುಷ್ಯರನ್ನಲ್ಲ. ಆದರೆ ಸರಕು ಸಂಚರಿಸಿದ ಕಡಲ ದಾರಿಯಲ್ಲಿ ಮನುಷ್ಯರೂ ಬಂದರು, ನೆಲೆಸಿದರು, ಅನೇಕರು ಹೊರದೂಡಲ್ಪಟ್ಟರು. ಕನ್ನಡಿಗರೂ ದೊಡ್ಡ ಸಂಖ್ಯೆಯಲ್ಲಿ ವಲಸೆ ಹೋದ ಮುಂಬಯಿ ನಗರದ ಚೀನೀ ಸಮುದಾಯವನ್ನು ಕುರಿತು ಕೆಲವು ಸಂಗತಿಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮುಂಬಯಿ ಮತ್ತು ಚೀನಗಳ ನಂಟು ಮೂಲತಃ ವ್ಯಾಪಾರದ್ದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಇಲ್ಲಿನ ಹತ್ತಿಯೂ ಅನಂತರ ಮಾಳವದ ಅಫೀಮೂ ಕ್ಯಾಂಟನ್ ಬಂದರಿಗೆ ಹೋಗುತ್ತಿದ್ದವು. ಅಲ್ಲಿಂದ ಚಹಾ, ರೇಷ್ಮೆ, ಪಿಂಗಾಣಿ ಬರುತ್ತಿದ್ದವು. ಜಮ್‌ಶೇಟ್‌ಜೀ ಜೀಜೀಭಾಯಿಯಂಥ ಪಾರ್ಸಿ ವರ್ತಕರು ಈ ವ್ಯಾಪಾರದಿಂದಲೇ ಶ್ರೀಮಂತರಾದರು. ಮೊದಲನೆಯ ಅಫೀಮು ಯುದ್ಧವನ್ನು ಕೊನೆಗೊಳಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ 1842ರಲ್ಲಿ ಸಹಿ ಬಿದ್ದುದು ‘ಕಾರ್ನ್‌ವಾಲಿಸ್’ ಎಂಬ ಹಡಗಿನ ಮೇಲೆ. 1813ರಲ್ಲಿ ನೀರಿಗಿಳಿದ ಆ ತೇಗದ ಹಡಗು ಮುಂಬಯಿಯ ವಾಡಿಯಾ ಮನೆತನದವರು ಕಟ್ಟಿದ್ದು. ಚೀನದ ಸೋಲಿನ ದಾಖಲೆಗೆ ಮುಂಬಯಿಯ ಮರ ವೇದಿಕೆಯಾದದ್ದು ಈ ನಂಟಿನ ಸ್ವರೂಪವನ್ನು ಚೆನ್ನಾಗಿ ಸೂಚಿಸುತ್ತದೆ.

ಸ್ವಂತ ಇಚ್ಛೆಯಿಂದ ಬಂದವರಲ್ಲದೆ ಕೋಳದಲ್ಲಿ ಬಂದವರೂ ಇದ್ದರು. ಪುಣೆ ಜಿಲ್ಲೆಯ ಬಾರಾಮತಿಯ ಬಯಲಿನಿಂದ ಪಶ್ಚಿಮಕ್ಕೆ ಸಾಗಿದರೆ ಸಹ್ಯಾದ್ರಿಯ ನೆತ್ತಿಯಲ್ಲಿ ಮಹಾಬಳೇಶ್ವರ ಸಿಗುತ್ತದೆ. ಕನ್ನಡ ನಾಡಿಗೆ ಹರಿದು ಬರುವ ಕೃಷ್ಣೆಯ ಉಗಮಸ್ಥಾನವಿದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬ್ರಿಟಿಷರು ಇದನ್ನು ಗಿರಿಧಾಮವಾಗಿ ಬೆಳೆಸಿದಾಗ ಅಲ್ಲೊಂದು ಸೆರೆಮನೆಯನ್ನೂ ಕಟ್ಟಿದರು. ಮಲಯ ಜಲಸಂಧಿಯ ವಸಾಹತುಗಳಿಂದ ಗಡೀಪಾರಾದ ಚೀನೀ ಮತ್ತು ಮಲಯ ಕೈದಿಗಳನ್ನು ಅಲ್ಲಿರಿಸಲಾಗಿತ್ತು. ರಸ್ತೆ ಕಡಿಯುವ ಕೆಲಸದೊಡನೆ ತೋಟಗಾರಿಕೆಯನ್ನೂ ಮಾಡಿದ ಈ ಕೈದಿಗಳು ಆಲೂಗಡ್ಡೆ ಮತ್ತಿತರ ತರಕಾರಿಗಳ ಬೇಸಾಯವನ್ನು ಆ ಬೆಟ್ಟದಲ್ಲಿ ಬೇರೂರಿಸಿದರು. 1864ರಲ್ಲಿ ಸೆರೆಮನೆ ಮುಚ್ಚಿತು. ಅವರ ತೋಟಗಳ ಸಮೀಪದ ಜಲಪಾತವೊಂದಕ್ಕೆ ‘ಚೈನಾಮನ್ ಫಾಲ್’ ಎಂಬ ಹೆಸರು ಉಳಿಯಿತು. ಬೆಳೆ ಉಳಿಯಿತು, ಜಲಪಾತದ ಹೆಸರು ಉಳಿಯಿತು. ಬೆಳೆದವರ ಹೆಸರುಗಳು ಜನರ ಬಾಯಲ್ಲಿ ಉಳಿಯಲಿಲ್ಲ.

ಮುಂಬಯಿ ನಗರದಲ್ಲಿ ಚೀನೀಯರ ಮುಖ್ಯ ನೆಲೆ ಹಡಗುಕಟ್ಟೆಗೆ ಹೊಂದಿಕೊಂಡ ಮಜಗಾಂವ್. ಕಾಮಾಠಿಪುರದ ಶುಕ್ಲಾಜಿ ಬೀದಿಯ ಸುತ್ತಲೂ ಅವರ ವಸತಿಯಿತ್ತು. ಬಂದವರಲ್ಲಿ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ನಾವಿಕರೂ ಬಡಗಿಗಳೂ ಪ್ರಮುಖರು. ಕಾಲಕ್ರಮದಲ್ಲಿ ಹೂಬೆ ಪ್ರಾಂತದ ದಂತವೈದ್ಯರು, ರೇಷ್ಮೆ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ತಿರುಗುವ ವ್ಯಾಪಾರಿಗಳು, ಪಾದರಕ್ಷೆ ಮಾಡುವವರು, ಉಪಾಹಾರಗೃಹದವರು ಸೇರಿಕೊಂಡರು. 1937ರಲ್ಲಿ ಜಪಾನಿನ ಆಕ್ರಮಣ ಆರಂಭವಾದ ಮೇಲೆ ತಾಯ್ನಾಡಿಗೆ ಮರಳುವ ದಾರಿ ಕಠಿಣವಾಯಿತು.

ಈ ಸಮುದಾಯದ ಅತ್ಯಂತ ಮಹತ್ತ್ವದ ಕುರುಹು ಮಜಗಾಂವಿನ ನವಾಬ್ ಟ್ಯಾಂಕ್ ರಸ್ತೆಯಲ್ಲಿರುವ ‘ಸೀ ಯಪ್ ಕೂನ್’ ದೇವಾಲಯ. 1919ರಲ್ಲಿ ಸ್ಥಾಪಿತವಾದ ಇದರ ಹೆಸರಿನಲ್ಲಿರುವ ‘ಸೀ ಯಪ್’ ಎಂದರೆ ನಾಲ್ಕು ಸೀಮೆಗಳು ಎಂದರ್ಥ. ಗ್ವಾಂಗ್‌ಡಾಂಗ್ ಪ್ರಾಂತದ ನಾಲ್ಕು ನೆರೆಹೊರೆಯ ಸೀಮೆಗಳನ್ನು ಅದು ಸೂಚಿಸುತ್ತದೆ. ಮೇಲಂತಸ್ತಿನ ಗುಡಿಯಲ್ಲಿ ಪೂಜೆಗೊಳ್ಳುವ ಕ್ವಾನ್ ಕುಂಗ್ ಮೂಲತಃ ಚೀನದ ಇತಿಹಾಸದ ಒಬ್ಬ ವೀರ. ಕೊಟ್ಟ ಮಾತಿಗೂ ಸೋದರಭಾವಕ್ಕೂ ಅಧಿದೇವತೆ. ಬಂಧುಗಳಿಲ್ಲದ ಊರಿನಲ್ಲಿ ಸೀಮೆಯವನೇ ಬಂಧುವಾಗಬೇಕಾದವರು ಇಂಥ ದೇವರನ್ನು ಆರಿಸಿಕೊಂಡುದು ಸಹಜವೇ ಆಗಿದೆ.

ಇಲ್ಲಿ ಕನ್ನಡಿಗರ ಅನುಭವವನ್ನು ನೆನೆಯಬಹುದು. ತುಳು-ಕನ್ನಡ ಕರಾವಳಿಯಿಂದ ಇದೇ ಬಂದರಿಗೆ ಬಂದ ಮೊಗವೀರರು 1902ರಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಸ್ಥಾಪಿಸಿಕೊಂಡರು. ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಯನ್ನು ತೆರೆದರು. ಊರಿನ ಹೆಸರಿನಲ್ಲಿ ಕೂಡುವುದು, ಕೂಡಿ ಸಂಸ್ಥೆ ಕಟ್ಟುವುದು ಎರಡೂ ಸಮುದಾಯಗಳಿಗೆ ಸಮಾನ. ಭೇದವಿರುವುದು ಬೇರೊಂದೆಡೆ. ಮುಂಬಯಿಯಲ್ಲಿ ಕೆಲಸ ತಪ್ಪಿದ ಕನ್ನಡಿಗನಿಗೆ ಹಿಂದೆ ಊರಿತ್ತು, ಕೈಯಲ್ಲಿ ಪ್ರಶ್ನಾತೀತವಾದ ಪೌರತ್ವವಿತ್ತು. ಚೀನೀಯನ ಸ್ಥಿತಿ ಹಾಗಿರಲಿಲ್ಲ. 1949ರಲ್ಲಿ ಚೀನದ ಆಳ್ವಿಕೆ ಬದಲಾಗಿ ಭಾರತವು ಹೊಸ ಸರ್ಕಾರವನ್ನು ಮಾನ್ಯಮಾಡಿದಾಗ, ಹಳೆಯ ಸರ್ಕಾರದ ಪತ್ರಗಳನ್ನು ಹೊಂದಿದ್ದ ಅನೇಕರು ಯಾವ ದೇಶಕ್ಕೂ ಸೇರದವರಾದರು.

ಈ ಅತಂತ್ರತೆಯ ಪರಿಣಾಮ 1962ರ ಯುದ್ಧದಲ್ಲಿ ಪ್ರಕಟವಾಯಿತು. ಆ ವರ್ಷದ ಶಾಸನವೊಂದರ ಪ್ರಕಾರ, ಭಾರತದ ಮೇಲೆ ಆಕ್ರಮಣ ನಡೆಸಿದ ದೇಶದ ಪ್ರಜೆಯಾಗಿ ಒಬ್ಬನ ತಂದೆತಾಯಿಯರಲ್ಲಾಗಲಿ, ಅಜ್ಜ ಅಜ್ಜಿಯರಲ್ಲಾಗಲಿ ಯಾರಾದರೂ ಎಂದಾದರೂ ಇದ್ದಿದ್ದರೆ, ಅವನನ್ನು ವಿದೇಶೀಯರ ಕಾನೂನಿಗೆ ಒಳಪಡಿಸಬಹುದಾಗಿತ್ತು. ಇಲ್ಲಿಯೇ ಹುಟ್ಟಿದ್ದೇನೆ, ಪೌರತ್ವವಿದೆ ಎಂಬುದು ರಕ್ಷೆಯಾಗಲಿಲ್ಲ. ಅಸ್ಸಾಂ ಮತ್ತು ಬಂಗಾಳಗಳಿಂದಲೇ ಹೆಚ್ಚಾಗಿ, ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿಯ ಶಿಬಿರದಲ್ಲಿಡಲಾಯಿತು. ಮಕ್ಕಳೂ ವೃದ್ಧರೂ ಅವರಲ್ಲಿದ್ದರು. 1963ರಲ್ಲಿ ಹಲವರನ್ನು ಮದರಾಸು ಬಂದರಿನಿಂದ ಹಡಗುಗಳಲ್ಲಿ ಚೀನಕ್ಕೆ ಕಳುಹಿಸಲಾಯಿತು. ಶಿಬಿರದ ಕೊನೆಯವರು ಬಿಡುಗಡೆಯಾದುದು 1967ರಲ್ಲಿ. ಶಿಬಿರಕ್ಕೆ ಹೋಗದ ಚೀನೀ ಪ್ರಜೆಗಳೂ ನೋಂದಾಯಿತ ವಿಳಾಸದಿಂದ 24 ಗಂಟೆಗಳಿಗಿಂತ ಹೆಚ್ಚುಕಾಲ ದೂರವಿರಲು ಅಪ್ಪಣೆ ಪಡೆಯಬೇಕಾಗಿತ್ತು. ಊರೂರು ತಿರುಗಿ ಬಟ್ಟೆ ಮಾರುವವನಿಗೆ ಈ ನಿರ್ಬಂಧವೊಂದೇ ವೃತ್ತಿನಾಶಕ್ಕೆ ಸಾಕಾಗಿತ್ತು. ಮುಂದಿನ ದಶಕಗಳಲ್ಲಿ ಅನೇಕ ಕುಟುಂಬಗಳು ಕೆನಡ ಮೊದಲಾದ ದೇಶಗಳಿಗೆ ಹೊರಟುಹೋದವು.

ಮುಂಬಯಿಯಲ್ಲಿ ಉಳಿದವರು ಅಲ್ಪಸಂಖ್ಯಾತರು. ಮಜಗಾಂವಿನ ಗುಡಿಯಲ್ಲಿ ಚಾಂದ್ರಮಾನ ಹೊಸ ವರ್ಷದ ರಾತ್ರಿ ಈಗಲೂ ಧೂಪ ಏಳುತ್ತದೆ. ಆಂಟಾಪ್ ಹಿಲ್‌ನಲ್ಲಿ ಅವರ ಸ್ಮಶಾನವಿದೆ. ಇತ್ತ ಕನ್ನಡ ನಾಡಿನ ಬೀದಿಗಳಲ್ಲಿ ಮನೆಮಾತಾಗಿರುವ ‘ಗೋಬಿ ಮಂಚೂರಿ’ಯ ಮೂಲವನ್ನು, 1975ರಲ್ಲಿ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ರೂಪಿಸಿದನೆನ್ನಲಾದ ಕೋಳಿಯ ಖಾದ್ಯದಲ್ಲಿ ಗುರುತಿಸುವುದು ವಾಡಿಕೆ. ಚೀನಾಂಬರ, ಚೀನಿಕಾಯಿಗಳ ಸಾಲಿಗೆ ಮತ್ತೊಂದು ಪದ ಸೇರಿದೆ. ಈ ಸಲವೂ ನಮಗೆ ಪರಿಚಯವಾದುದು ವಸ್ತುವೇ. ವಲಸೆಯ ಅಧ್ಯಯನವು ಪದದ ಹಿಂದಿನ ವಸ್ತುವನ್ನು ಗುರುತಿಸಿದಲ್ಲಿಗೆ ನಿಲ್ಲದೆ, ವಸ್ತುವಿನ ಹಿಂದಿನ ಮನುಷ್ಯನವರೆಗೂ ಸಾಗಬೇಕು. ತಮ್ಮವರೂ ಅದೇ ಬಂದರಿನಲ್ಲಿ ಬೆವರು ಸುರಿಸಿದ್ದರಿಂದ ಕನ್ನಡಿಗರಿಗೆ ಈ ಹೊಣೆ ಇನ್ನಷ್ಟು ಹತ್ತಿರದ್ದು.