ಪಯಸ್ವಿನಿಯ ತವರಲ್ಲೊಂದು ಪುಟ್ಟ ಜಲಪಾತ

ಪುತ್ತೂರು ದಾಟಿ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯದತ್ತ ಹೊರಟವರಿಗೆ ಜಾಲ್ಸೂರು ಒಂದು ಕವಲುದಾರಿ. ನೇರ ಹೋದರೆ ಸುಳ್ಯ, ಸಂಪಾಜೆ, ಮಡಿಕೇರಿ. ಬಲಕ್ಕೆ ತಿರುಗಿದರೆ ಮುಳ್ಳೇರಿಯ, ಚೆರ್ಕಳ, ಕಾಸರಗೋಡು. ಪಯಸ್ವಿನಿ ನದಿಯೂ ಹಾಗೆಯೇ. ಘಟ್ಟದಿಂದ ಇಳಿದು ಸುಳ್ಯವನ್ನು ಬಳಸಿ ಬಂದು, ಈ ಸೀಮೆಯನ್ನು ದಾಟಿ ಕಾಸರಗೋಡಿನ ಕಡೆಗೆ ಹೊರಟುಹೋಗುತ್ತದೆ.

ಈ ಹೊಳೆಯನ್ನು ದಿನವೂ ಕಾಣುವ ವಿದ್ಯಾರ್ಥಿಗಳನ್ನು ‘ಇಷ್ಟು ನೀರು ಬರುವುದೆಲ್ಲಿಂದ?’ ಎಂದು ಕೇಳಿ ನೋಡಿ. ‘ಘಟ್ಟದಿಂದ’ ಎಂಬ ಉತ್ತರ ತಟ್ಟನೆ ಬರುತ್ತದೆ. ‘ಘಟ್ಟದಲ್ಲಿ ಎಲ್ಲಿಂದ?’ ಎಂದರೆ ಮೌನ. ಪುಸ್ತಕದಲ್ಲಿ ನೈಲ್ ನದಿಯ ಉಗಮ ಓದಿದ ಮಗುವಿಗೆ ಮನೆಯ ಬಾವಿಗೆ ಒರತೆ ಕೊಡುವ ಹೊಳೆಯ ಹುಟ್ಟು ಗೊತ್ತಿರುವುದಿಲ್ಲ. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ರಜೆಯ ಒಂದು ದಿನ ಸಾಕು.

ತೊಡಿಕಾನದ ದಾರಿ

ಜಾಲ್ಸೂರಿನಿಂದ ಸುಳ್ಯ, ಅಲ್ಲಿಂದ ಹೆದ್ದಾರಿಯಲ್ಲೇ ಅರಂತೋಡು. ಅಲ್ಲಿ ಹೆದ್ದಾರಿ ಬಿಟ್ಟು ಒಳಹೊಕ್ಕರೆ ಅಡಿಕೆ ತೋಟ, ರಬ್ಬರ್ ತೋಟಗಳ ನಡುವೆ ರಸ್ತೆ ತೊಡಿಕಾನ ಸೇರುತ್ತದೆ. ಊರಿನ ಹಿಂದೆಯೇ ಗೋಡೆಯಂತೆ ಎದ್ದು ನಿಂತದ್ದು ಪಟ್ಟಿಘಾಟಿನ ಕಾಡು. ಅದರಾಚೆ ಕೊಡಗು.

ತೊಡಿಕಾನದ ಹೆಸರು ಕೇಳಿದವರಿಗೆ ನೆನಪಾಗುವುದು ಮಲ್ಲಿಕಾರ್ಜುನ ದೇವಸ್ಥಾನ ಮತ್ತು ಅದರ ಸಮೀಪದ ಮತ್ಸ್ಯತೀರ್ಥ. ಹೊಳೆಯ ಗುಂಡಿಯಲ್ಲಿ ಗುಂಪು ಗುಂಪಾಗಿ ಈಜುವ ದೊಡ್ಡ ಮೀನುಗಳು ಮಹಶೀರ್ ವರ್ಗಕ್ಕೆ ಸೇರಿದವು. ಊರವರಿಗೆ ಅವು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಹರಿಯುವ, ತಂಪಾದ, ಶುದ್ಧ ನೀರಿಲ್ಲದೆ ಈ ಮೀನು ಬದುಕುವುದಿಲ್ಲ. ಗುಂಡಿಯಲ್ಲಿ ಮೀನು ಆಡುತ್ತಿದೆಯೆಂದರೆ ಮೇಲಿನ ಕಾಡು ಇನ್ನೂ ಗಟ್ಟಿಯಾಗಿದೆ ಎಂದೇ ಅರ್ಥ. ಯಾವ ಪ್ರಯೋಗಾಲಯದ ವರದಿಯೂ ಇದಕ್ಕಿಂತ ಸರಳವಾಗಿ ಹೇಳಲಾರದು.

ದೇವಸ್ಥಾನದಿಂದ ಒಂದೆರಡು ಕಿ.ಮೀ. ಕಾಡಿನತ್ತ ಸಾಗಿದರೆ ದೇವರಗುಂಡಿ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತದೆ. ಮರಗಳ ನೆರಳಿನಲ್ಲಿ, ಕರಿಬಂಡೆಯ ಮೇಲಿಂದ ಬಿಳಿ ಸೀರೆ ಹರಡಿದಂತೆ ನೀರು ಬಂದು ಗುಂಡಿಗೆ ಬೀಳುತ್ತದೆ. 253 ಮೀಟರ್ ಎತ್ತರದ ಜೋಗದ ಮುಂದೆ ಇದು ಮಗು. ಆದರೆ ಜೋಗವನ್ನು ಎದುರಿನ ದಡದಲ್ಲಿ ನಿಂತು ನೋಡುತ್ತೇವೆ. ಇಲ್ಲಿ ನೀರಿನ ಹನಿ ಮುಖಕ್ಕೇ ಸಿಡಿಯುತ್ತದೆ. ಅದೃಷ್ಟವಿದ್ದರೆ ಹಳ್ಳದ ಬದಿಯಿಂದ ಮನುಷ್ಯರ ಸಿಳ್ಳೆಯಂಥದೇ ಸ್ವರವೂ ಕೇಳಬಹುದು. ಅದು ಸಿಳ್ಳಾರ ಹಕ್ಕಿ. ಶಿಳ್ಳೆ ಹೊಡೆಯುವ ಶಾಲಾ ಹುಡುಗ ಎಂದು ಅದಕ್ಕೆ ಇಂಗ್ಲಿಷರು ಇಟ್ಟ ಅಡ್ಡಹೆಸರೂ ಉಂಟು.

ಒಂದು ಬೆಟ್ಟ, ಎರಡು ಸಮುದ್ರ

ದೇವರಗುಂಡಿಯ ನೀರು ಮತ್ಸ್ಯತೀರ್ಥದ ಹೊಳೆಯಾಗಿ ಪಯಸ್ವಿನಿಯನ್ನು ಕೂಡಿಕೊಳ್ಳುತ್ತದೆ. ಹೀಗೆ ಘಟ್ಟದ ಒಂದೊಂದು ಕಣಿವೆಯಿಂದಲೂ ಒಂದೊಂದು ತೋಡು ಇಳಿದು ಬಂದು ಪಯಸ್ವಿನಿ ದೊಡ್ಡದಾಗುತ್ತದೆ. ಇಲ್ಲಿನ ಬೆಟ್ಟಸಾಲಿನ ನೆತ್ತಿಯಲ್ಲೇ ತಲಕಾವೇರಿ ಇದೆ. ಅಲ್ಲಿ ಬೀಳುವ ಎರಡು ಮಳೆಹನಿಗಳನ್ನು ಕಲ್ಪಿಸಿಕೊಳ್ಳಿ. ಪೂರ್ವಕ್ಕೆ ಉರುಳಿದ ಹನಿ ಕಾವೇರಿಯಾಗಿ ಸುಮಾರು 800 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತದೆ. ಪಶ್ಚಿಮಕ್ಕೆ ಉರುಳಿದ ಹನಿ ಪಯಸ್ವಿನಿಯಾಗಿ, ಮುಂದೆ ಚಂದ್ರಗಿರಿ ಎಂಬ ಹೆಸರು ಹೊತ್ತು, ಸುಮಾರು 105 ಕಿ.ಮೀ.ನಲ್ಲೇ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಈ ದಾರಿಯಲ್ಲೇ ಸುಳ್ಯ ಪಟ್ಟಣಕ್ಕೂ ಕಾಸರಗೋಡು ಪಟ್ಟಣಕ್ಕೂ ಅದು ಕುಡಿಯುವ ನೀರು ಕೊಡುತ್ತದೆ.

ದಾರಿ ಗಿಡ್ಡ, ಇಳಿಜಾರು ಕಡಿದು. ಹಾಗಾಗಿ ನೀರಿಗೆ ಅವಸರ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆಯೆಲ್ಲ ಹಾಗೆಯೇ ಓಡಿಹೋದರೆ ಮಾರ್ಚ್‌ನಲ್ಲಿ ಹೊಳೆಯಲ್ಲಿ ಕಲ್ಲು ಮಾತ್ರ ಉಳಿಯಬೇಕಿತ್ತು. ಓಟಕ್ಕೆ ತಡೆ ಹಾಕುವುದು ಕಾಡು. ಎಲೆಗಳು ಮಳೆಯ ಪೆಟ್ಟು ತಾಳುತ್ತವೆ, ತರಗೆಲೆಯ ಹಾಸು ನೀರನ್ನು ಹೀರುತ್ತದೆ, ಬೇರುಗಳ ಸಂದಿನಿಂದ ನೀರು ಮಣ್ಣಿಗಿಳಿಯುತ್ತದೆ. ಮಳೆಗಾಲ ಮುಗಿದ ಮೇಲೂ ತೋಡಿನಲ್ಲಿ ಹರಿಯುವುದು ಹೀಗೆ ಕೂಡಿಟ್ಟ ನೀರು. ಹಿಂದಿನವರು ಇದನ್ನರಿತೇ ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸುತ್ತಿದ್ದರು. ಅಡಿಕೆ ಮರದ ದಂಬೆಯಲ್ಲಿ ಗುಡ್ಡದ ನೀರನ್ನು ಅಂಗಳಕ್ಕೆ ಇಳಿಸುತ್ತಿದ್ದರು.

ಭೂಮಿಯ ಉತ್ತರ ತುದಿಯ ಕಾಡುಗಳಲ್ಲಿ ಈ ಕೆಲಸ ಹಿಮದ್ದು. ಫಿನ್ಲೆಂಡ್, ಕೆನಡಾಗಳ ಸೂಚಿಪರ್ಣಿ ಕಾಡುಗಳಲ್ಲೂ ಇಂಥ ಪುಟ್ಟ ಜಲಪಾತಗಳಿವೆ. ಚಳಿಗಾಲದಲ್ಲಿ ಅವು ಗಾಜಿನಂತೆ ಹೆಪ್ಪುಗಟ್ಟುತ್ತವೆ, ವಸಂತದಲ್ಲಿ ಹಿಮ ಕರಗಿದಾಗ ಭೋರ್ಗರೆಯುತ್ತವೆ. ಅಲ್ಲಿ ನೀರಿನ ಉಗ್ರಾಣ ಹಿಮ ಮತ್ತು ಪಾಚಿಯ ಜೌಗು. ಇಲ್ಲಿ ತರಗೆಲೆ ಮತ್ತು ಮಣ್ಣು. ಉಗ್ರಾಣ ಕೆಟ್ಟರೆ ಎರಡೂ ಕಡೆ ಕಷ್ಟವೇ. ಇಲ್ಲಿ ಗುಡ್ಡ ಜಾರಿದರೆ ಏನಾಗುತ್ತದೆಂದು 2018ರ ಆಗಸ್ಟ್‌ನಲ್ಲಿ ಸುಳ್ಯದ ಜನ ಕಣ್ಣಾರೆ ಕಂಡರು. ವಿಪರೀತ ಮಳೆಗೆ ಸಂಪಾಜೆಯಾಚೆಯ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಕುಸಿದವು, ಜೀವಗಳು ಹೋದವು, ಮಡಿಕೇರಿ ರಸ್ತೆಯ ಸಂಚಾರ ನಿಂತಿತು.

ಗುಂಡಿ ಎಂಬ ಎಚ್ಚರಿಕೆ

ಜಲಪಾತದ ಹೆಸರಿನಲ್ಲೇ ಗುಂಡಿ ಇದೆ ಎಂಬುದನ್ನು ಮಕ್ಕಳಿಗೆ ಮೊದಲು ತೋರಿಸಿಕೊಡಬೇಕು. ಬೀಳುವ ನೀರು ಕಲ್ಲು, ಮರಳನ್ನು ಸುತ್ತಿಸುತ್ತ ಸಾವಿರಾರು ವರ್ಷ ಬಂಡೆಯನ್ನು ಕೊರೆದು ಗುಂಡಿ ಮಾಡುತ್ತದೆ. ಅದರ ಆಳ ಮೇಲಿನಿಂದ ತಿಳಿಯುವುದಿಲ್ಲ. ಬಿಳಿ ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ದೇಹವನ್ನು ತೇಲಿಸುವುದೂ ಕಡಿಮೆ. ಕೆರೆಯಲ್ಲಿ ಚೆನ್ನಾಗಿ ಈಜುವ ಹುಡುಗನೂ ಇಲ್ಲಿ ಸೋಲುವುದು ಇದರಿಂದಲೇ. ಪಾಚಿ ಹಿಡಿದ ಬಂಡೆಯಂತೂ ಎಣ್ಣೆ ಸವರಿದ ನೆಲ.

ಇನ್ನೊಂದು ಮಾತು. ಕೆಳಗೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಬಂದಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ, ಕಡ್ಡಿಗಳು ತೇಲಿಬರತೊಡಗಿದರೆ, ಸದ್ದು ದಪ್ಪವಾದರೆ ಚೀಲ ಚಪ್ಪಲಿ ಹುಡುಕುತ್ತ ಕೂರದೆ ದಡ ಹತ್ತಬೇಕು.

ರಜೆ ಬಂತೆಂದರೆ ರಾಜ್ಯದ ಯಾವುದಾದರೊಂದು ಜಲಪಾತದಲ್ಲಿ ವಿದ್ಯಾರ್ಥಿಗಳು ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಓದಿದ ಹೆತ್ತವರು ‘ನೀರಿನ ಹತ್ತಿರ ಹೋಗಬೇಡ’ ಎನ್ನುತ್ತಾರೆ. ಅವರ ಹೆದರಿಕೆ ಸಹಜವೇ. ಆದರೆ ಹೋಗಬೇಡ ಎನಿಸಿಕೊಂಡ ಹದಿನಾರರ ಹುಡುಗ ಹೇಳದೆ ಹೋಗುತ್ತಾನೆ. ಜತೆಗಿರುವುದು ಅವನಷ್ಟೇ ತಿಳಿದ ಗೆಳೆಯರು. ಅದಕ್ಕಿಂತ ಹತ್ತು ವರ್ಷದವನಿರುವಾಗಲೇ ಅಪ್ಪನೋ ಅಮ್ಮನೋ ಕೈಹಿಡಿದು ಕರೆತಂದು, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ತೋರಿಸುವುದು ಲೇಸು. ಹೊಳೆಯ ಬದಿಯಲ್ಲಿ ಬೆಳೆದ ಅಜ್ಜಂದಿರು ಹೀಗೆಯೇ ಕಲಿತದ್ದು.

ಹೊರಡುವ ಮುನ್ನ

ಭೋರ್ಗರೆವ ಮಳೆಗಾಲದಲ್ಲಿ ಮಕ್ಕಳೊಂದಿಗೆ ಹೋಗುವುದು ಬೇಡ. ಮಳೆ ಕಡಿಮೆಯಾಗಿ ನೀರು ಇನ್ನೂ ತುಂಬಿರುವ ನವೆಂಬರ್, ಡಿಸೆಂಬರ್ ತಿಂಗಳುಗಳು ಒಳ್ಳೆಯವು. ಕಾಡಿನ ಪ್ರವೇಶದ ಬಗ್ಗೆ ಅರಣ್ಯ ಇಲಾಖೆಯಲ್ಲೂ ಊರವರಲ್ಲೂ ಮೊದಲೇ ವಿಚಾರಿಸಬೇಕು. ನೆಲ ಒದ್ದೆಯಿದ್ದರೆ ಉಂಬುಳಗಳು ಕಾಲಿಗೆ ಹತ್ತುತ್ತವೆ. ಒಂದು ಚಿಟಿಕೆ ಉಪ್ಪು ಜತೆಗಿದ್ದರೆ ಸಾಕು. ದಡದಿಂದಲೇ ನೋಡಿ, ಗುಂಡಿಗಿಳಿಯದೆ ಹಿಂತಿರುಗುವುದೆಂದು ಮನೆಯಲ್ಲೇ ನಿರ್ಧರಿಸಿಕೊಂಡು ಹೊರಡಬೇಕು. ಇದು ಭಕ್ತರ ಪಾಲಿಗೆ ದೇವರ ಜಾಗ. ಗದ್ದಲ, ಬಾಟಲಿ, ಪ್ಲಾಸ್ಟಿಕ್ ಚೀಲಗಳಿಗೆ ಇಲ್ಲಿ ಜಾಗವಿಲ್ಲ. ಇಲ್ಲಿ ಎಸೆದದ್ದು ಮೊದಲು ದೇವರ ಮೀನಿನ ಗುಂಡಿಗೆ, ಆಮೇಲೆ ಕೆಳಗಿನ ಊರುಗಳ ನೀರಿಗೆ ಬರುತ್ತದೆ.

ಸಂಜೆ ಜಾಲ್ಸೂರಿಗೆ ಮರಳಿದಾಗ ಮಗುವನ್ನು ಒಮ್ಮೆ ಹೊಳೆಯ ಬದಿಗೆ ಕರೆದೊಯ್ಯಿರಿ. ಬೆಳಿಗ್ಗೆ ಬಂಡೆಯಿಂದ ಧುಮುಕುತ್ತಿದ್ದ ನೀರು ಇಲ್ಲಿ ಸದ್ದಿಲ್ಲದೆ ಕಾಸರಗೋಡಿನ ಕಡೆಗೆ ಹರಿಯುತ್ತಿರುತ್ತದೆ. ‘ಈ ನೀರು ಎಲ್ಲಿಂದ ಬರುತ್ತದೆ?’ ಎಂದು ಮತ್ತೊಮ್ಮೆ ಕೇಳಿ. ಈಗ ಅದು ಬೆರಳು ತೋರಿಸಿ ಉತ್ತರ ಹೇಳುತ್ತದೆ.